ಫೇರ್‌ಫ್ಯಾಕ್ಸ್ ಕೌಂಟಿಗೆ ಹೊಸಬರು: ಕೌಂಟಿಯ ನಿಯಮ, ಸೌಲಭ್ಯಗಳ ಸುದ್ದಿ ನೀವೆಲ್ಲ ಎಲ್ಲಿಂದ ತಿಳಿಯುತ್ತೀರಿ? (ಅನುಭವ ಹಂಚಿಕೆ)

ಪ್ರಶ್ನೆ (ಹರ್ನ್‌ಡನ್ ಕಡೆಯಿಂದ)

ನಮಸ್ಕಾರ ಎಲ್ಲರಿಗೂ. ನ್ಯೂಜೆರ್ಸಿ ಬಿಟ್ಟು ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಗೆ ಬಂದಿದ್ದೇವೆ. ಮನೆ ತಗೊಂಡಾಯಿತು. ಮಗಳು ಎರಡನೇ ಕ್ಲಾಸು. ಅಪ್ಪ ಅಮ್ಮ ಗ್ರೀನ್ ಕಾರ್ಡಿನ ಮೇಲೆ ನಮ್ಮ ಜೊತೆಗೇ ಇದ್ದಾರೆ. ಅಲ್ಲಿ ಏನೇ ಇದ್ದರೂ ಟೌನ್‌ಶಿಪ್ ಆಫೀಸಿಗೆ ಹೋದರೆ ಆಗುತ್ತಿತ್ತು. ಇಲ್ಲಿ ಯಾರನ್ನ ಕೇಳಿದರೂ ಕೌಂಟಿ ಅನ್ನುತ್ತಾರೆ. ಕೌಂಟಿಯಲ್ಲಿ ಯಾರನ್ನ ಹಿಡಿಯಬೇಕು ಅಂತ ಗೊತ್ತಾಗುತ್ತಿಲ್ಲ. ಕಾರಿಗೂ ವರ್ಷಾ ವರ್ಷಾ ಟ್ಯಾಕ್ಸ್ ಇದೆಯಂತೆ. ನಮ್ಮ ಮನೆ ಹಿಂದಿನ ಖಾಲಿ ಜಾಗದಲ್ಲಿ ರೀಜೋನಿಂಗ್ (ಆ ಜಾಗದಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ ಬದಲಾಯಿಸುವುದು) ನೋಟಿಸ್ ನೆಟ್ಟಿದ್ದಾರೆ. ವಾಟ್ಸಾಪ್‌ನಲ್ಲಿ ಬರುವ ಸುದ್ದಿಯಲ್ಲಿ ಯಾವುದು ನಿಜ, ಯಾವುದು ಹಳೇದು ತಿಳಿಯುವುದಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ? ದಯವಿಟ್ಟು ಹೇಳಿ.

ಚಾಂಟಿಲಿಯಿಂದ

ಮೊದಲು ಒಂದು ಕೆಲಸ ಮಾಡಿ. ಕೌಂಟಿ ವೆಬ್‌ಸೈಟಿನಲ್ಲಿ ‘ಮೈ ನೇಬರ್‌ಹುಡ್’ ಅಂತ ಒಂದು ಮ್ಯಾಪ್ ಇದೆ. ನಿಮ್ಮ ವಿಳಾಸ ಹಾಕಿದರೆ ನಿಮ್ಮ ಸೂಪರ್‌ವೈಸರ್ ಯಾರು ಅಂತ ಬರುತ್ತದೆ. ಕೌಂಟಿಯಲ್ಲಿ 9 ಡಿಸ್ಟ್ರಿಕ್ಟ್ ಇವೆ, ಒಂದೊಂದಕ್ಕೆ ಒಬ್ಬ ಸೂಪರ್‌ವೈಸರ್. ಅವರ ಜೊತೆ ಇಡೀ ಕೌಂಟಿ ಆರಿಸಿದ ಒಬ್ಬ ಚೇರ್ಮನ್. ಈ 10 ಜನರೇ ಬೋರ್ಡ್ ಆಫ್ ಸೂಪರ್‌ವೈಸರ್ಸ್. ನಿಮ್ಮ ಸೂಪರ್‌ವೈಸರ್ ಆಫೀಸಿನ ನ್ಯೂಸ್‌ಲೆಟರ್‌ಗೆ ಇವತ್ತೇ ಈಮೇಲ್ ಕೊಡಿ. ನನಗೆ ಕೇಳಿದರೆ, ಬೇರೆ ಯಾವುದನ್ನ ಓದದಿದ್ದರೂ ಇದೊಂದು ಸಾಕು. ನಮ್ಮ ಬೀದಿಗೆ ಬೇಕಾದ ಸುದ್ದಿ ಅದರಲ್ಲೇ ಬರುತ್ತದೆ: ಯಾವ ರಸ್ತೆ ಅಗೆಯುತ್ತಾರೆ, ಯಾವ ಪಾರ್ಕ್ ಮುಚ್ಚಿದ್ದಾರೆ, ಯಾವ ಹಿಯರಿಂಗ್ (ಜನರ ಅಭಿಪ್ರಾಯ ಕೇಳುವ ಸಭೆ) ಯಾವಾಗ. ಬೋರ್ಡ್ ಮೀಟಿಂಗ್ ಮಂಗಳವಾರ ನಡೆಯುತ್ತದೆ, ಕೌಂಟಿಯ ಚಾನೆಲ್ 16ರಲ್ಲಿ ಮನೆಯಲ್ಲೇ ಕೂತು ನೋಡಬಹುದು.

ಇನ್ನು ಯಾವ ಕೆಲಸ ಯಾರದ್ದು ಅನ್ನೋದು. ಹೊಸಬರಿಗೆ ಗೊಂದಲ ಆಗುವುದೇ ಇಲ್ಲಿ. ರಸ್ತೆ ಗುಂಡಿ, ಹಿಮ ತೆಗೆಯುವುದು ಕೌಂಟಿಯ ಕೆಲಸ ಅಲ್ಲ. ವರ್ಜೀನಿಯಾದಲ್ಲಿ 1932ರಿಂದಲೂ ಕೌಂಟಿ ರಸ್ತೆಗಳನ್ನ ರಾಜ್ಯವೇ ನೋಡಿಕೊಳ್ಳುತ್ತದೆ. ಆರ್ಲಿಂಗ್ಟನ್, ಹೆನ್ರೈಕೊ ಎರಡು ಕೌಂಟಿ ಮಾತ್ರ ತಮ್ಮ ರಸ್ತೆ ತಾವೇ ಇಟ್ಟುಕೊಂಡಿವೆ. ಹಾಗಾಗಿ ಗುಂಡಿ ಕಂಡರೆ ದೂರು ಹೋಗಬೇಕಾದ್ದು ರಾಜ್ಯದ ಸಾರಿಗೆ ಇಲಾಖೆ ವಿಡಾಟ್‌ಗೆ. ಟೌನ್‌ಹೌಸ್ ಕಾಲೊನಿ ಒಳಗಿನ ರಸ್ತೆಯಾದರೆ ಅದು ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘದ ಜವಾಬ್ದಾರಿ. ಕಸವೂ ಅಷ್ಟೇ. ಕೌಂಟಿ ಲಾರಿ ಬರುವುದು ಸುಮಾರು ನೂರಕ್ಕೆ 10 ಮನೆಗೆ ಮಾತ್ರ, ಉಳಿದವರಿಗೆಲ್ಲ ಖಾಸಗಿ ಕಂಪನಿ. ಒಂದು ಬುಧವಾರ ಕಸ ಎತ್ತಲಿಲ್ಲ ಅಂದರೆ ಕೌಂಟಿಗೆ ಫೋನ್ ಮಾಡುವ ಮೊದಲು ಡಬ್ಬದ ಮೇಲೆ ಯಾರ ಹೆಸರಿದೆ ನೋಡಿ. ಗಾಜಿನ ಬಾಟಲಿ ಮಾತ್ರ ಮನೆಯ ರೀಸೈಕ್ಲಿಂಗ್ ಡಬ್ಬಕ್ಕೆ ಹಾಕಬೇಡಿ. 2019ರ ಅಕ್ಟೋಬರ್‌ನಿಂದ ಅದನ್ನ ಬೇರೆ ಮಾಡಿದ್ದಾರೆ. ಅಲ್ಲಲ್ಲಿ ದೊಡ್ಡ ನೇರಳೆ ಬಣ್ಣದ ತೊಟ್ಟಿ ಇಟ್ಟಿರುತ್ತಾರೆ, ಅದಕ್ಕೆ ಹಾಕಬೇಕು. ಹಳೇ ಪೇಂಟ್, ಬ್ಯಾಟರಿ, ಹುಳದ ಔಷಧಿ ಇವನ್ನ ಐ-66 ಟ್ರಾನ್ಸ್‌ಫರ್ ಸ್ಟೇಷನ್‌ಗೆ ಒಯ್ದು ಕೊಡಿ, ಮನೆಯವರಿಗೆ ಪುಕ್ಕಟೆ.

ಕಾರ್ ಟ್ಯಾಕ್ಸ್ ನಿಜ. ಬೇರೆ ರಾಜ್ಯದಿಂದ ಬಂದ 60 ದಿನದೊಳಗೆ ಕೌಂಟಿ ಟ್ಯಾಕ್ಸ್ ಆಫೀಸಿನಲ್ಲಿ ಕಾರು ನೋಂದಾಯಿಸಿ. ಡಿಎಂವಿಯಲ್ಲಿ (ರಾಜ್ಯದ ವಾಹನ ಇಲಾಖೆ) ನಂಬರ್ ಪ್ಲೇಟ್ ಬದಲಾಯಿಸಿದೆ, ಅಷ್ಟೇ ಸಾಕು ಅಂದುಕೊಳ್ಳುವವರು ಜಾಸ್ತಿ. ಅದು ರಾಜ್ಯದ್ದು, ಇದು ಕೌಂಟಿಯದ್ದು. ನೋಂದಾಯಿಸುವಾಗ ‘ಸ್ವಂತ ಬಳಕೆಯ ಕಾರು’ ಅಂತ ಗುರುತು ಹಾಕಿ. ಹಾಕಿದರೆ ಕಾರಿನ ಬೆಲೆಯ ಮೊದಲ 20,000 ಡಾಲರ್ ಮೇಲಿನ ಟ್ಯಾಕ್ಸ್‌ನಲ್ಲಿ ಒಂದು ಪಾಲು ರಾಜ್ಯ ಕೊಡುತ್ತದೆ. ಬಿಲ್ ಕಟ್ಟಲು ಕೊನೆ ದಿನ ಅಕ್ಟೋಬರ್ 5. ಮನೆ ಟ್ಯಾಕ್ಸ್‌ಗೆ ಜುಲೈ 28, ಡಿಸೆಂಬರ್ 5. ಸಾಲ ಇದ್ದರೆ ಸಾಮಾನ್ಯವಾಗಿ ಬ್ಯಾಂಕೇ ಕಟ್ಟುತ್ತದೆ, ಆದರೂ ಕಟ್ಟಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ವಿಯೆನ್ನಾದಿಂದ

ಒಂದು ಮಾತು ಸೇರಿಸುತ್ತೇನೆ. ನೀವು ಹರ್ನ್‌ಡನ್ ‘ಕಡೆಯಿಂದ’ ಅಂದಿರಿ. ಟೌನ್ ಗಡಿ ಒಳಗಾ, ಹೊರಗಾ ನೋಡಿ. ಹರ್ನ್‌ಡನ್, ವಿಯೆನ್ನಾ, ಕ್ಲಿಫ್ಟನ್ ಈ ಮೂರೂ ಕೌಂಟಿ ಒಳಗಿನ ಟೌನ್‌ಗಳು. ಹರ್ನ್‌ಡನ್ ಅಥವಾ ವಿಯೆನ್ನಾ ಒಳಗಿದ್ದರೆ ಟೌನ್‌ಗೂ ಕೌಂಟಿಗೂ ಎರಡೂ ಕಡೆ ಮನೆ ಟ್ಯಾಕ್ಸ್ ಬೀಳುತ್ತದೆ, ಪೊಲೀಸ್ ಮತ್ತು ಕಸ ಟೌನ್‌ನವರದ್ದು. ಫಾಲ್ಸ್ ಚರ್ಚ್, ಫೇರ್‌ಫ್ಯಾಕ್ಸ್ ಸಿಟಿ ಹಾಗಲ್ಲ, ಅವು ಕೌಂಟಿಗೆ ಸೇರಿಯೇ ಇಲ್ಲ. ಅಂಚೆ ವಿಳಾಸ ನಂಬಬೇಡಿ. ‘ಅಲೆಕ್ಸಾಂಡ್ರಿಯಾ’ ಅಂತ ಬರೆಯುವ ಎಷ್ಟೋ ಮನೆ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿವೆ.

ಸೆಂಟರ್‌ವಿಲ್‌ನಿಂದ

ರೀಜೋನಿಂಗ್ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಬೀದಿಯವರು ಇದರಲ್ಲಿ ಪಳಗಿದ್ದೇವೆ. ಆ ನೋಟಿಸ್‌ನ ಫೋಟೊ ತೆಗೆದುಕೊಳ್ಳಿ. ಅದರಲ್ಲಿ ಹಿಯರಿಂಗ್ ದಿನ ಮತ್ತು ಕೇಸಿನ ವಿವರ ಇರುತ್ತದೆ. ಕೌಂಟಿಯ ಪ್ಲಾನಿಂಗ್ ಇಲಾಖೆಗೆ ಫೋನ್ ಮಾಡಿ ಈ ಕೇಸು ನೋಡುವ ಸಿಬ್ಬಂದಿ ಯಾರು ಅಂತ ಕೇಳಿ. ಅವರು ನಕ್ಷೆ ಕೊಡುತ್ತಾರೆ, ಮಾತಾಡುತ್ತಾರೆ. ಅದು ಅವರ ಕೆಲಸವೇ, ಸಂಕೋಚ ಬೇಡ.

ಮುಖ್ಯ ವಿಷಯ ಸಮಯದ್ದು. ಮೊದಲು ಡಿಸ್ಟ್ರಿಕ್ಟ್ ಮಟ್ಟದ ಲ್ಯಾಂಡ್ ಯೂಸ್ ಕಮಿಟಿ, ಆಮೇಲೆ ಪ್ಲಾನಿಂಗ್ ಕಮಿಷನ್, ಕೊನೆಗೆ ಬೋರ್ಡ್. ಕೊನೆ ದಿನ ಬೋರ್ಡ್ ಮುಂದೆ ಗುಂಪಾಗಿ ಹೋಗಿ ‘ಬೇಡ’ ಅಂದರೆ ಪ್ರಯೋಜನ ಕಡಿಮೆ, ಅಷ್ಟೊತ್ತಿಗೆ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. ಮೊದಲನೇ ಹಂತದಲ್ಲಿ ಹೋಗಿ. ಬಿಲ್ಡರ್ ಬರೆದುಕೊಡುವ ಮಾತುಗಳಿಗೆ ‘ಪ್ರಾಫರ್’ ಅನ್ನುತ್ತಾರೆ. ಬೋರ್ಡ್ ಒಪ್ಪಿದ ಮೇಲೆ ಅದು ಕಾನೂನಿನ ಹಾಗೆ ಆ ಜಾಗಕ್ಕೆ ಅಂಟಿಕೊಳ್ಳುತ್ತದೆ, ನಾಳೆ ಜಾಗ ಬೇರೆಯವರಿಗೆ ಮಾರಿದರೂ ಸರಿ.

ನಮ್ಮ ಹಿಂದೆ ಟೌನ್‌ಹೌಸ್ ಬರುವಾಗ ಅಕ್ಕಪಕ್ಕದವರು ಒಂದೇ ಟೇಬಲ್ ಸುತ್ತ ಕೂತು ನಕ್ಷೆ ಬಿಡಿಸಿದೆವು. ಕಟ್ಟಬೇಡಿ ಅಂತ ಕೇಳಲಿಲ್ಲ. ಬೇಲಿ ಪಕ್ಕದ ಓಕ್ ಮರದ ಸಾಲು ಉಳಿಸಿ, ಕಸದ ಲಾರಿ ಬರುವ ದಾರಿ ಮಲಗುವ ಕೋಣೆಗಳ ಕಡೆ ಬೇಡ, ಬಸ್ ಸ್ಟಾಪ್‌ವರೆಗೆ ಫುಟ್‌ಪಾತ್ ಸೇರಿಸಿ. ಈ ಮೂರೇ. ಮರ ಮತ್ತು ಫುಟ್‌ಪಾತ್ ಪ್ರಾಫರ್‌ನಲ್ಲಿ ಬರಹಕ್ಕೆ ಬಂದವು. ಲಾರಿ ದಾರಿ ಮಾತ್ರ ಬದಲಾಗಲಿಲ್ಲ. ಈಗ ಅದೇ ಫುಟ್‌ಪಾತ್ ಮೇಲೆ ನಮ್ಮ ಮಕ್ಕಳು ಬಸ್ಸಿಗೆ ಹೋಗುತ್ತಾರೆ.

ಮಾತಾಡಲು ಒಬ್ಬೊಬ್ಬರಿಗೆ 3 ನಿಮಿಷ. ಮೊದಲೇ ಹೆಸರು ಕೊಡಬೇಕು. ಕೌಂಟಿಯ ಮುಖ್ಯ ಕಚೇರಿ ಗವರ್ನಮೆಂಟ್ ಸೆಂಟರ್‌ಗೇ ಹೋಗಬೇಕೆಂದಿಲ್ಲ, ಫೋನಲ್ಲೂ ಮಾತಾಡಬಹುದು. ವೀಸಾದಲ್ಲಿರುವವರು, ಗ್ರೀನ್ ಕಾರ್ಡಿನವರು ‘ನಮಗೆ ವೋಟೇ ಇಲ್ಲವಲ್ಲ’ ಅಂತ ಹಿಂದೆ ಸರಿಯುತ್ತಾರೆ. ಹಿಯರಿಂಗ್‌ನಲ್ಲಿ ಮಾತಾಡುವುದಕ್ಕೆ ಪೌರತ್ವ ಬೇಕಿಲ್ಲ. ಇಲ್ಲಿ ವಾಸ ಮಾಡುತ್ತೀರಿ, ಟ್ಯಾಕ್ಸ್ ಕಟ್ಟುತ್ತೀರಿ, ಊರಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಾಗೆ ಇಲ್ಲೂ ಕೇಳಿ. ನಮ್ಮವರು ಇಷ್ಟು ಜನ ಇದ್ದೂ ಆ ಮೈಕಿನ ಮುಂದೆ ಕಾಣುವುದೇ ಇಲ್ಲ. ನನಗೆ ನಿಜವಾಗಿ ಬೇಜಾರಾಗುವ ವಿಷಯ ಇದು.

ಬರ್ಕ್‌ನಿಂದ

ಮೇಲಿನವರ ಮಾತಿಗೆ ಬಜೆಟ್ ಸೇರಿಸಿ. ಫೆಬ್ರವರಿಯಲ್ಲಿ ಎರಡು ಬರುತ್ತವೆ: ಮುಂದಿನ ವರ್ಷದ ಬಜೆಟ್ ಪ್ರಸ್ತಾವ, ಮತ್ತು ನಿಮ್ಮ ಮನೆ ಬೆಲೆ ಇಷ್ಟು ಅಂತ ಕೌಂಟಿಯ ಅಸೆಸ್‌ಮೆಂಟ್ ಕಾಗದ. ಆ ಕಾಗದ ಬಂದ ದಿನವೇ ವೆಬ್‌ಸೈಟಿನಲ್ಲಿ ನಿಮ್ಮ ಮನೆಯ ದಾಖಲೆ ತೆಗೆದು ನೋಡಿ. ಬೇಸ್‌ಮೆಂಟ್ ಎಷ್ಟು ಮುಗಿದಿದೆ, ಬಾತ್‌ರೂಮ್ ಎಷ್ಟು, ಅಳತೆ ಸರಿ ಇದೆಯಾ. ತಪ್ಪಿದ್ದರೆ ಟ್ಯಾಕ್ಸ್ ಆಫೀಸಿಗೆ ಹೇಳಿದರೆ ತಿದ್ದುತ್ತಾರೆ. ಅಲ್ಲಿ ಆಗದಿದ್ದರೆ ಇಂಥ ತಕರಾರು ಕೇಳುವ ಬೋರ್ಡ್ ಆಫ್ ಈಕ್ವಲೈಸೇಶನ್‌ಗೆ ಜೂನ್ 1ರೊಳಗೆ ಅರ್ಜಿ.

ಮಾರ್ಚ್‌ನಲ್ಲಿ ಬೋರ್ಡ್ ಒಂದು ಟ್ಯಾಕ್ಸ್ ದರ ಜಾಹೀರು ಮಾಡುತ್ತದೆ. ಜಾಹೀರಾದ ಮೇಲೆ ಅದಕ್ಕಿಂತ ಇಳಿಸಬಹುದು, ಏರಿಸುವಂತಿಲ್ಲ. ಏಪ್ರಿಲ್‌ನಲ್ಲಿ ಹಿಯರಿಂಗ್, ಮೇನಲ್ಲಿ ಪಾಸು, ಜುಲೈ 1ರಿಂದ ಜಾರಿ. ಶಾಲೆಯ ದುಡ್ಡೂ ಇದರಲ್ಲೇ. ಸ್ಕೂಲ್ ಬೋರ್ಡ್ ಚುನಾಯಿತವಾದರೂ ಅದಕ್ಕೆ ಟ್ಯಾಕ್ಸ್ ಹಾಕುವ ಅಧಿಕಾರ ಇಲ್ಲ. ಕೌಂಟಿಯ ಜನರಲ್ ಫಂಡ್‌ನ (ಮುಖ್ಯ ಖಜಾನೆ) ಅರ್ಧಕ್ಕಿಂತ ಜಾಸ್ತಿ ಶಾಲೆಗಳಿಗೇ ಹೋಗುತ್ತದೆ. ಮಗಳ ಶಾಲೆಗೆ ಟೀಚರ್ ಸಾಲದು ಅನಿಸಿದರೆ ಸ್ಕೂಲ್ ಬೋರ್ಡ್ ಒಂದಕ್ಕೇ ಬರೆದು ಸುಮ್ನೆ ಕೂರಬೇಡಿ, ಸೂಪರ್‌ವೈಸರ್‌ಗೂ ಬರೆಯಿರಿ. ಹೋಟೆಲ್ ಊಟಕ್ಕೆ 4% ಟ್ಯಾಕ್ಸ್ 2026ರ ಜನವರಿ 1ರಿಂದ ಬಂದದ್ದೂ ಹೀಗೇ, ಹಿಂದಿನ ವರ್ಷದ ಬಜೆಟ್ ಸಮಯದಲ್ಲೇ ತೀರ್ಮಾನ ಆಗಿತ್ತು.

ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ‘ಸ್ಯಾಕ್’ ಬಗ್ಗೆ ಕೇಳಿಕೊಳ್ಳಿ. ಶಾಲೆ ಮುಗಿದ ಮೇಲೆ ಅಲ್ಲೇ ಮಕ್ಕಳನ್ನ ನೋಡಿಕೊಳ್ಳುವ ವ್ಯವಸ್ಥೆ ಅದು. ನಡೆಸುವುದು ಶಾಲೆ ಅಲ್ಲ, ಕೌಂಟಿ. ಶುಲ್ಕ ಆದಾಯದ ಮೇಲೆ. ವೇಟಿಂಗ್ ಲಿಸ್ಟ್ ಉದ್ದ ಇರುತ್ತದೆ, ತಡ ಮಾಡಬೇಡಿ.

ರೆಸ್ಟನ್‌ನಿಂದ, ಮಗನ ಮನೆಯಲ್ಲಿರುವ ಹಿರಿಯರು

ಮಗು, ನಿಮ್ಮ ಅಪ್ಪ ಅಮ್ಮನಿಗಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ. ಮಗ ಸೊಸೆ ಕೆಲಸಕ್ಕೆ ಹೋದರೆ ಮನೆ ಭಣಭಣ ಅನ್ನುತ್ತದೆ. ಕಾರು ಓಡಿಸಲು ಬಾರದವರಿಗೆ ಇಲ್ಲಿ ಕೈಕಾಲು ಕಟ್ಟಿ ಹಾಕಿದ ಹಾಗೆ. ನನಗೆ ದಾರಿ ತೋರಿಸಿದ್ದು ಲೈಬ್ರರಿ. ಕಾರ್ಡ್ ಪುಕ್ಕಟೆ. ಇಂಗ್ಲಿಷ್ ಮಾತಾಡುವ ಅಭ್ಯಾಸಕ್ಕೆ ಅಲ್ಲಿ ಗುಂಪು ಸೇರುತ್ತದೆ. ನಮ್ಮ ಮೇಜಿನಲ್ಲಿ ಕೊರಿಯಾದ ಒಬ್ಬ ಅಜ್ಜಿ, ಪೆರುವಿನ ದಂಪತಿ, ಅಫ್ಘಾನಿಸ್ತಾನದ ಒಬ್ಬ ಮೇಷ್ಟ್ರು. ಸ್ವಯಂಸೇವಕಿ ಒಂದು ವಿಷಯ ಕೊಡುತ್ತಾರೆ, ‘ನಿಮ್ಮೂರಿನ ಮಳೆಗಾಲ’ ಅಂತ. ನಾನು ಶಿವಮೊಗ್ಗದ ಸಾಗರದ ಕಡೆಯವನು. ಮಳೆಗಾಲ ಅಂದರೆ ಮಾತು ತಾನಾಗಿ ಬಂತು, ವ್ಯಾಕರಣ ಯಾರೂ ನೋಡಲಿಲ್ಲ.

ಕೌಂಟಿಯ ಸೀನಿಯರ್ ಸೆಂಟರ್‌ಗಳಲ್ಲಿ ಯೋಗ, ಕೇರಂ, ಕಂಪ್ಯೂಟರ್ ಪಾಠ ಇರುತ್ತವೆ. ನಾನು ಸಸ್ಯಾಹಾರಿ, ಡಬ್ಬಿ ಕಟ್ಟಿಕೊಂಡೇ ಹೋಗುತ್ತೇನೆ. 65 ಆದವರಿಗೆ ಬಸ್ಸು, ಮೆಟ್ರೊಗೆ ಬಳಸುವ ಸೀನಿಯರ್ ಸ್ಮಾರ್‌ಟ್ರಿಪ್ ಕಾರ್ಡ್ ಕೊಡುತ್ತಾರೆ, ವಯಸ್ಸಿನ ಗುರುತು ತೋರಿಸಬೇಕು. ಅದಿದ್ದರೆ ಕೌಂಟಿಯ ಫೇರ್‌ಫ್ಯಾಕ್ಸ್ ಕನೆಕ್ಟರ್ ಬಸ್ಸಿನಲ್ಲಿ ಅರ್ಧ ಟಿಕೆಟ್. ಹರ್ನ್‌ಡನ್‌ಗೆ ಮೆಟ್ರೊ ರೈಲು 2022ರ ನವೆಂಬರ್‌ನಿಂದ ಬಂದಿದೆ, ಸ್ಟೇಷನ್‌ಗೆ ಬಸ್ಸೂ ಇದೆ. ಮೊದಲ ಸಲ ನೀವೇ ಜೊತೆಯಲ್ಲಿ ಹೋಗಿ ತೋರಿಸಿ. ಆಮೇಲೆ ಅವರೇ ಹೋಗುತ್ತಾರೆ.

65 ಆದವರಿಗೆ ಮನೆ ಟ್ಯಾಕ್ಸ್‌ನಲ್ಲಿ ರಿಯಾಯಿತಿ ಇದೆ, ಆದರೆ ಅದು ಮನೆ ತಮ್ಮ ಹೆಸರಲ್ಲಿರುವವರಿಗೆ, ಆದಾಯದ ಮಿತಿಯೂ ಉಂಟು. ನಮ್ಮಂಥವರಿಗೆ ಅಲ್ಲ. ಇನ್ನು ನಗದು ಸಹಾಯ, ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರದ ಆರೋಗ್ಯ ವಿಮೆ) ಇಂಥವಕ್ಕೆ ಅರ್ಜಿ ಹಾಕುವ ಮೊದಲು ಇಮಿಗ್ರೇಶನ್ ವಕೀಲರನ್ನ ಕೇಳಿ. ಲೈಬ್ರರಿ, ಪಾರ್ಕಿಗೆ ಅಂಥ ಹೆದರಿಕೆ ಬೇಡ.

ಆಶ್‌ಬರ್ನ್‌ನಿಂದ

ಪಕ್ಕದ ಲೌಡನ್ ಕೌಂಟಿಯವರು ಯಾರಾದರೂ ಓದುತ್ತಿದ್ದರೆ: ನಮ್ಮಲ್ಲಿ ದಿನಾಂಕ ಬೇರೆ. ಕಾರ್ ಟ್ಯಾಕ್ಸ್ ಎರಡು ಕಂತು, ಮೇ 5 ಮತ್ತು ಅಕ್ಟೋಬರ್ 5. ಮನೆಗೆ ಜೂನ್ 5, ಡಿಸೆಂಬರ್ 5. ಫೇರ್‌ಫ್ಯಾಕ್ಸ್ ಸ್ನೇಹಿತರ ಮೆಸೇಜ್ ನಂಬಿ ಕಾಯಬೇಡಿ. ಡೇಟಾ ಸೆಂಟರ್ ವಿಷಯದಲ್ಲಿ 2025ರ ಮಾರ್ಚ್‌ನಲ್ಲಿ ನಮ್ಮ ಬೋರ್ಡ್ ನಿಯಮ ಬದಲಾಯಿಸಿತು. ಅದಕ್ಕೆ ಮುಂಚೆ ಕೆಲವು ಜಾಗಗಳಲ್ಲಿ ಹಿಯರಿಂಗ್ ಇಲ್ಲದೆಯೇ ಕಟ್ಟಬಹುದಿತ್ತು. ಈಗ ಹೊಸ ಅರ್ಜಿ ಬೋರ್ಡ್ ಮುಂದೆ ಬರಲೇಬೇಕು. ಅಂದರೆ ಪಕ್ಕದ ಮನೆಯವರು ಮಾತಾಡಲು ಒಂದು ಬಾಗಿಲು ತೆರೆದಿದೆ.

ಜರ್ಮನ್‌ಟೌನ್‌ನಿಂದ

ನದಿ ಆಚೆ ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯಲ್ಲಿ ಇದು ಸುಲಭ. 311ಕ್ಕೆ ಫೋನ್ ಮಾಡಿದರೆ ಗುಂಡಿಯಿಂದ ಕಸದವರೆಗೆ ಎಲ್ಲ ಅಲ್ಲೇ. ರೈಡ್ ಆನ್ ಬಸ್ 2025ರ ಜೂನ್ 29ರಿಂದ ಎಲ್ಲರಿಗೂ ಪುಕ್ಕಟೆ. ಬಾಡಿಗೆಯಲ್ಲಿರುವವರು 2024ರ ಜುಲೈನ ನಿಯಮ ಓದಿಕೊಳ್ಳಿ. ಅದು ಅನ್ವಯಿಸುವ ಮನೆಗಳಲ್ಲಿ ವರ್ಷಕ್ಕೆ 6%ಗಿಂತ ಜಾಸ್ತಿ ಏರಿಸುವಂತಿಲ್ಲ. ಹೊಸ ಕಟ್ಟಡಗಳಿಗೆ ವಿನಾಯಿತಿ ಇದೆ, ನಿಮ್ಮ ಕಟ್ಟಡ ಯಾವಾಗಿನದು ಅಂತ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಡಿದೆ, ನಾವು ಟೌನ್ ಗಡಿಯ ಹೊರಗೆ. ಹಿರಿಯರೇ, ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ, ಯಾವ ಲೈಬ್ರರಿ ಅಂತ ಕೇಳುತ್ತಿದ್ದಾರೆ. ಇನ್ನೊಂದೇ ಪ್ರಶ್ನೆ. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ನಾವಿಲ್ಲದಾಗ ಏನಾದರೂ ಆದರೆ?

ಚಾಂಟಿಲಿಯಿಂದ

911ಕ್ಕೆ ಫೋನ್ ಮಾಡಿ ‘ಕನ್ನಡ, ಇಂಡಿಯಾ’ ಅಂತ ಹೇಳಲು ಕಲಿಸಿ. ಲೈನ್ ಕಟ್ ಮಾಡದೆ ಕಾಯಬೇಕು, ದುಭಾಷಿಯನ್ನ ಸೇರಿಸಲು ನೋಡುತ್ತಾರೆ. ಮನೆ ವಿಳಾಸ ಇಂಗ್ಲಿಷಿನಲ್ಲಿ ಹೇಳುವುದನ್ನ ಮಾತ್ರ ಬಾಯಿಪಾಠ ಮಾಡಿಸಿ, ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನೀವು ‘ಫೇರ್‌ಫ್ಯಾಕ್ಸ್ ಅಲರ್ಟ್ಸ್‌’ಗೆ ಹೆಸರು ಕೊಡಿ, ಬಿರುಗಾಳಿ, ಪ್ರವಾಹದ ಎಚ್ಚರಿಕೆ ಫೋನಿಗೇ ಬರುತ್ತದೆ. 2012ರ ಜೂನ್ 29ರ ರಾತ್ರಿ ಬಂದ ಬಿರುಗಾಳಿಯ ನಂತರ ಇಲ್ಲಿ 911 ಲೈನೇ ಕೆಲಸ ಮಾಡಲಿಲ್ಲ. ಹಾಗಾಗಿ ಪಕ್ಕದ ಮನೆಯವರ ನಂಬರ್ ಕೂಡ ಅದೇ ಫ್ರಿಜ್ ಮೇಲಿರಲಿ. ಅಪ್ಪನಿಗೆ ಹೇಳಿ, ಹರ್ನ್‌ಡನ್‌ನಲ್ಲಿ ಫೋರ್ಟ್‌ನೈಟ್ಲಿ ಅಂತ ಲೈಬ್ರರಿ ಇದೆ. ಮಾತಿನ ಗುಂಪು ಯಾವ ದಿನ ಅಂತ ಅಲ್ಲಿ ಕೌಂಟರಿನಲ್ಲಿ ಕೇಳಿದರೆ ಹೇಳುತ್ತಾರೆ.