ಸೆಲ್‌ಗೆ ತುಂಬಿದ ಬಣ್ಣವನ್ನು ಸೂತ್ರದಿಂದ ಓದಬಹುದೇ?

ಪ್ರಶ್ನೆ:
ನಮ್ಮೂರಿನ ಹಾಲು ಉತ್ಪಾದಕರ ಸಂಘದ ಸದಸ್ಯರ ಪಟ್ಟಿ ಎಕ್ಸೆಲ್‌ನಲ್ಲಿದೆ. ಷೇರು ಹಣವನ್ನು ಪೂರ್ತಿ ಕಟ್ಟಿದವರ ಹೆಸರಿಗೆ ಹಿಂದಿನವರು ಹಳದಿ ಬಣ್ಣ ತುಂಬಿದ್ದಾರೆಯೇ ಹೊರತು ಪಕ್ಕದಲ್ಲಿ ಒಂದಕ್ಷರವನ್ನೂ ಬರೆದಿಲ್ಲ. ಈಗ ಆ ಹೆಸರುಗಳನ್ನು ಎಣಿಸಬೇಕಾಗಿದೆ. ‘ಸೆಲ್’ ಫಂಕ್ಷನ್‌ಗೆ ‘ಕಲರ್’ ಎಂದು ಕೊಟ್ಟರೆ ಎಲ್ಲ ಸಾಲಿಗೂ 0 ಬರುತ್ತದೆ. ಎಕ್ಸೆಲ್‌ನ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎ ನನಗೆ ತಿಳಿಯದು. ಬೇರೆ ದಾರಿ ಇದೆಯೇ?

ಉತ್ತರ 1:
ಆ ‘ಕಲರ್’ ನೋಡುವುದು ಋಣ ಸಂಖ್ಯೆಗಳನ್ನು ಬಣ್ಣದಲ್ಲಿ ತೋರಿಸುವ ಫಾರ್ಮ್ಯಾಟ್ ಇದೆಯೇ ಎಂಬುದನ್ನು ಮಾತ್ರ. ತುಂಬಿದ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಮಗೆ ಬೇಕಾದುದು ‘ಗೆಟ್.ಸೆಲ್’. ಇದು ವಿಬಿಎ ಬರುವುದಕ್ಕೂ ಮೊದಲಿನ, 1992ರ ಎಕ್ಸೆಲ್ 4.0 ಕಾಲದ ಮ್ಯಾಕ್ರೋ (ಕೆಲಸಗಳನ್ನು ತಾನಾಗಿ ಮಾಡಿಸುವ ಆದೇಶಗಳ ಸರಣಿ) ಫಂಕ್ಷನ್ ಆದ್ದರಿಂದ ಸೆಲ್‌ನಲ್ಲಿ ನೇರವಾಗಿ ಬರೆದರೆ ಎಕ್ಸೆಲ್ ಒಪ್ಪುವುದಿಲ್ಲ. ಸೂತ್ರಕ್ಕೆ ನಾವೇ ಕೊಡುವ ಒಂದು ಹೆಸರಿನೊಳಗೆ ಇಟ್ಟು ಕರೆಯಬೇಕು. ಸದಸ್ಯರ ಹೆಸರುಗಳು ಎ ಕಾಲಂನಲ್ಲಿದ್ದರೆ ಮೊದಲು ಬಿ2 ಸೆಲ್‌ನಲ್ಲಿ ನಿಂತು, ಫಾರ್ಮುಲಾಸ್ ಟ್ಯಾಬ್‌ನ ನೇಮ್ ಮ್ಯಾನೇಜರ್‌ನಲ್ಲಿ ‘ಬಣ್ಣ’ ಎಂಬ ಹೊಸ ಹೆಸರು ಮಾಡಿ, ಅದರ ರೆಫರ್ಸ್ ಟು ಜಾಗದಲ್ಲಿ =ಗೆಟ್.ಸೆಲ್(63,ಎ2) ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಎ2ವನ್ನು ಮೌಸ್‌ನಿಂದ ಆರಿಸಿದರೆ ಡಾಲರ್ ಚಿಹ್ನೆಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ಅವನ್ನು ಅಳಿಸಲೇಬೇಕು, ಇಲ್ಲದಿದ್ದರೆ ಎಲ್ಲ ಸಾಲುಗಳಲ್ಲೂ ಎ2ರ ಬಣ್ಣವೇ ಬರುತ್ತದೆ, ಬಹಳ ಜನ ಎಡವುವುದು ಇಲ್ಲಿಯೇ. ಬಳಿಕ ಬಿ2ರಲ್ಲಿ =ಬಣ್ಣ ಎಂದು ಬರೆದು ಕೆಳಗೆ ಎಳೆಯಿರಿ. ಸಾಮಾನ್ಯ ಹಳದಿಗೆ 6, ಬಣ್ಣವಿಲ್ಲದ ಸೆಲ್‌ಗೆ 0 ಬರುತ್ತದೆ. ಎಣಿಕೆಗೆ, ಹೇಳಿದ ಷರತ್ತಿಗೆ ಹೊಂದುವ ಸೆಲ್‌ಗಳನ್ನು ಎಣಿಸುವ ಕೌಂಟ್‌ಇಫ್ ಫಂಕ್ಷನ್ ಸಾಕು. 63ರ ಬದಲು 24 ಕೊಟ್ಟರೆ ಅಕ್ಷರದ ಬಣ್ಣ, 20 ಕೊಟ್ಟರೆ ಅಕ್ಷರ ದಪ್ಪವೇ ಎಂಬುದು ತಿಳಿಯುತ್ತದೆ.

ಉತ್ತರ 2:
ಮೇಲಿನ ಉತ್ತರ ಸರಿ. ಆದರೆ ಕಂಡಿಷನಲ್ ಫಾರ್ಮ್ಯಾಟಿಂಗ್‌ನಿಂದ (ಷರತ್ತಿಗೆ ತಕ್ಕಂತೆ ಎಕ್ಸೆಲ್ ತಾನೇ ಹಾಕುವ ಬಣ್ಣ) ಬಂದ ಬಣ್ಣ ಗೆಟ್.ಸೆಲ್‌ಗೆ ಕಾಣುವುದಿಲ್ಲ, ಕೈಯಿಂದ ತುಂಬಿದ್ದು ಮಾತ್ರ ಕಾಣುತ್ತದೆ. ಬಣ್ಣ ಬದಲಿಸಿದೊಡನೆ ಸಂಖ್ಯೆಯೂ ತಾನಾಗಿ ಬದಲಾಗುವುದಿಲ್ಲವಾದ್ದರಿಂದ ಸೂತ್ರವನ್ನು =ಬಣ್ಣ+ನೌ()*0 ಎಂದು ಮಾಡಿ ಎಫ್9 ಒತ್ತಿ.

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡಿದೆ. ಎಲ್ಲ ಸಾಲುಗಳಲ್ಲೂ ‘ಬ್ಲಾಕ್ಡ್’ ಎಂಬ ದೋಷ ಬರುತ್ತಿದೆ.

ಉತ್ತರ 1:
ದುರುದ್ದೇಶದ ಫೈಲುಗಳಲ್ಲಿ ಈ ಹಳೆಯ ಮ್ಯಾಕ್ರೋಗಳ ದುರ್ಬಳಕೆ ಹೆಚ್ಚಿದ್ದರಿಂದ ಮೈಕ್ರೋಸಾಫ್ಟ್ ಅವನ್ನು ಮೊದಲೇ ನಿಷ್ಕ್ರಿಯವಾಗಿಟ್ಟಿರುತ್ತದೆ. ಟ್ರಸ್ಟ್ ಸೆಂಟರ್‌ನ ಮ್ಯಾಕ್ರೋ ಸೆಟ್ಟಿಂಗ್ಸ್‌ನಲ್ಲಿ ಎಕ್ಸೆಲ್ 4.0 ಮ್ಯಾಕ್ರೋಗಳಿಗೆ ಅನುಮತಿ ಕೊಡಿ. ಕೆಲಸವಾದ ಮೇಲೆ ಬಿ ಕಾಲಂ ಅನ್ನು ಪೇಸ್ಟ್ ವ್ಯಾಲ್ಯೂಸ್ ಮೂಲಕ ಬರಿಯ ಸಂಖ್ಯೆಗಳಾಗಿಸಿ, ‘ಬಣ್ಣ’ ಹೆಸರನ್ನು ಅಳಿಸಿ, ಅನುಮತಿಯನ್ನು ಹಿಂತೆಗೆದುಕೊಳ್ಳಿ. ಆಗ ಫೈಲನ್ನು ಮ್ಯಾಕ್ರೋ ಮಾದರಿಯಲ್ಲಿ ಉಳಿಸುವ ಅಗತ್ಯವೂ ಇರುವುದಿಲ್ಲ.

ಪ್ರಶ್ನೆ ಕೇಳಿದವರು:
ಈಗ ಸರಿಯಾಗಿ ಬಂತು, ಧನ್ಯವಾದಗಳು. ಕೆಲವು ಸಾಲುಗಳಲ್ಲಿ 6ರ ಬದಲು 36 ಬಂದಿತ್ತು. ನೋಡಿದರೆ ಅಲ್ಲಿ ಯಾರೋ ತಿಳಿ ಹಳದಿ ತುಂಬಿದ್ದರು. ಆ ಹೆಸರುಗಳನ್ನು ರಸೀದಿ ಪುಸ್ತಕದೊಂದಿಗೆ ತಾಳೆ ನೋಡುತ್ತಿದ್ದೇನೆ.