ಮೊಡವೆ ಕಲೆಗೆ 70% ಗ್ಲೈಕಾಲಿಕ್ ಪೀಲ್ ಮನೆಯಲ್ಲೇ ಹಚ್ಚಬಹುದೇ?

ಪ್ರಶ್ನೆ
ಎಣ್ಣೆಗೆಂಪು ಬಣ್ಣದ ಮುಖ. ಮೊಡವೆ ನಿಂತಿದೆ, ಕಂದು ಕಲೆ ಉಳಿದಿವೆ, ಕೆನ್ನೆಯಲ್ಲಿ ಒಂದೆರಡು ಗುಳಿಯೂ ಇವೆ. ಕ್ಲಿನಿಕ್ಕಿನಲ್ಲಿ 35% ಗ್ಲೈಕಾಲಿಕ್ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವ ಪೀಲ್ ಮಾಡುತ್ತಾರಂತೆ. ಆನ್‌ಲೈನಿನಲ್ಲಿ 70% ಸಿಗುತ್ತದೆ. ಅದರಿಂದ ಬೇಗ ಗುಣ ಕಾಣುತ್ತದೆಯೇ? ರಾತ್ರಿ ಟ್ರೆಟಿನಾಯಿನ್ (ವಿಟಮಿನ್ ಎ ಜಾತಿಯ ಮೊಡವೆ ಕ್ರೀಮ್) ಹಚ್ಚುತ್ತಿದ್ದೇನೆ.

ಉತ್ತರ 1
ದಯವಿಟ್ಟು ಆ ಬಾಟಲಿ ತರಿಸಬೇಡಿ. ಶೇಕಡಾ ಎಷ್ಟು ಎಂಬುದರ ಜೊತೆ ಪಿಎಚ್ (ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ತೀಕ್ಷ್ಣ) ಎಷ್ಟು, ಎಷ್ಟು ನಿಮಿಷ ಬಿಟ್ಟರು ಎಂಬುದೂ ಮುಖ್ಯ. ಬಫರ್ ಮಾಡದ, ಅಂದರೆ ತೀಕ್ಷ್ಣತೆ ತಗ್ಗಿಸದ, 70% ದ್ರಾವಣದ ಪಿಎಚ್ 1ಕ್ಕಿಂತ ಕೆಳಗಿರುತ್ತದೆ. ಗ್ಲೈಕಾಲಿಕ್ ತಾನಾಗಿ ನಿಲ್ಲುವುದಿಲ್ಲ, ಸೋಡಿಯಂ ಬೈಕಾರ್ಬೊನೇಟ್ ದ್ರಾವಣ ಹಾಕಿ ತಡೆಯುವವರೆಗೂ ಒಳಗಿಳಿಯುತ್ತಲೇ ಇರುತ್ತದೆ. ನಮ್ಮ ಬಣ್ಣದ ಚರ್ಮ ಸುಟ್ಟರೆ ಆ ಜಾಗ ಹಳೆಯ ಕಲೆಗಿಂತ ಕಪ್ಪಾಗಿ, ತಿಂಗಳುಗಟ್ಟಲೆ ಉಳಿಯುತ್ತದೆ.

ಕ್ಲಿನಿಕ್ಕಿನಲ್ಲಿ ಮುಖ ತೊಳೆದು, ಸ್ಪಿರಿಟ್ಟಿನಿಂದ ಜಿಡ್ಡು ತೆಗೆದು, ಕಣ್ಣಿನ ಮೂಲೆ, ಮೂಗಿನ ಅಂಚು, ತುಟಿಗೆ ವ್ಯಾಸಲೀನ್ ಸವರುತ್ತಾರೆ. ಆಸಿಡ್ ಹಚ್ಚುವುದು ಹಣೆಯಿಂದ ಶುರು, ಕಣ್ಣಿನ ಸುತ್ತ ಕೊನೆಗೆ. ಮೊದಲ ಸಲ ಒಂದೆರಡು ನಿಮಿಷ ಸಾಕು. ಸಮವಾಗಿ ನಸುಗೆಂಪು ಬಂದೊಡನೆ ತಟಸ್ಥಗೊಳಿಸುತ್ತಾರೆ. ಗಡಿಯಾರದಲ್ಲಿ ಇನ್ನೂ ಸಮಯ ಉಳಿದಿದ್ದರೂ ಎಲ್ಲಾದರೂ ಬೂದುಬಿಳಿ ಮಚ್ಚೆ ಎದ್ದರೆ ಆ ಕ್ಷಣವೇ ನಿಲ್ಲಿಸಬೇಕು. ಎರಡು ಮೂರು ವಾರಕ್ಕೊಮ್ಮೆ, ನಾಲ್ಕರಿಂದ ಆರು ಸಲ ಮಾಡಿಸಬೇಕಾಗುತ್ತದೆ.

ಉತ್ತರ 2
ಟ್ರೆಟಿನಾಯಿನ್ ಪೀಲ್‌ಗೆ ಒಂದು ವಾರ ಮೊದಲೇ ನಿಲ್ಲಿಸಿ. ಅದು ಮೇಲ್ಪದರವನ್ನು ತೆಳುವಾಗಿಸಿರುತ್ತದೆ, ಆಸಿಡ್ ಅಂದಾಜಿಗಿಂತ ಆಳಕ್ಕೆ ಹೋಗುತ್ತದೆ. ಆ ವಾರ ಥ್ರೆಡಿಂಗ್, ಬ್ಲೀಚ್, ವ್ಯಾಕ್ಸಿಂಗ್ ಕೂಡ ಬೇಡ. ತುಟಿಯ ಬಳಿ ಹರ್ಪಿಸ್ ಗುಳ್ಳೆ ಆಗಾಗ ಏಳುವವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ಎಣ್ಣೆ ಚರ್ಮಕ್ಕೆ 20–30% ಸ್ಯಾಲಿಸಿಲಿಕ್ ಆಸಿಡ್ ಪೀಲ್ ಹೆಚ್ಚು ಹೊಂದುತ್ತದೆ. ಅದರಲ್ಲಿ ಮೂಡುವ ಬಿಳಿ ಪುಡಿಯನ್ನು ನೋಡಿ ಗಾಬರಿಯಾಗಬೇಡಿ, ಆಲ್ಕೊಹಾಲ್ ಆರಿ ಉಳಿದ ಹರಳು ಅದು. ನೀರಿನಿಂದ ತೊಳೆದರೆ ಹೋಗುತ್ತದೆ. ಆಸ್ಪಿರಿನ್ ಅಲರ್ಜಿ ಇದ್ದವರಿಗೆ, ಗರ್ಭಿಣಿಯರಿಗೆ ಇದು ಬೇಡ.

ಗುಳಿಗಳ ವಿಷಯ: ಇಂಥ ಮೇಲ್ಮಟ್ಟದ ಪೀಲ್‌ನಿಂದ ಅವು ತುಂಬುವುದಿಲ್ಲ. ಸೂಜಿ ಚುಚ್ಚಿದಂತಿರುವ ಗುಳಿಗೆ ತಜ್ಞರು ಹೆಚ್ಚು ಸಾಂದ್ರತೆಯ ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಸಿಡ್) ಅನ್ನು ಕಡ್ಡಿಯ ತುದಿಯಿಂದ ಆ ತೂತಿಗಷ್ಟೇ ಮುಟ್ಟಿಸುತ್ತಾರೆ.

ಉತ್ತರ 3
ಪೀಲ್ ಕೆಡುವುದು ಹೆಚ್ಚಾಗಿ ಆಮೇಲೆ. ಸಿಪ್ಪೆ ಎದ್ದರೆ ಕೀಳಬೇಡಿ, ಉಜ್ಜಬೇಡಿ. ವಾಸನೆಯಿಲ್ಲದ ಮಾಯಿಶ್ಚರೈಸರ್ ದಪ್ಪಗೆ ಹಚ್ಚಿ. ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಮುಖ, ಕತ್ತಿಗೆ ಎರಡು ಬೆರಳಿನುದ್ದ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಟ್ರೆಟಿನಾಯಿನ್ ಮತ್ತೆ ಶುರು ಮಾಡುವುದು ಸಿಪ್ಪೆ ಏಳುವುದು ಪೂರ್ತಿ ನಿಂತ ಮೇಲೆ.

ಮೆಡಿಕಲ್ ಶಾಪಿನವರು ಕೊಡುವ 'ಬಿಳುಪಿನ' ಕ್ರೀಮಿನ ಟ್ಯೂಬ್ ತಿರುಗಿಸಿ ಓದಿ. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಸಾಲ್ ಎಂದಿದ್ದರೆ ಅದು ಚರ್ಮ ತೆಳುವಾಗಿಸುವ ಸ್ಟೀರಾಯ್ಡ್. ಅದನ್ನು ಈಗಾಗಲೇ ಹಚ್ಚುತ್ತಿದ್ದರೆ ಪೀಲ್ ಮಾಡುವ ವೈದ್ಯರಿಗೆ ಟ್ಯೂಬನ್ನೇ ತೋರಿಸಿ.