ಸಹಾಯ ಬೇಕು: ಸ್ಕ್ರೀನ್ ರೀಡರ್‌ಗೆ ಒಗ್ಗದ ಉದ್ಯೋಗ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ) ಬಳಸಿ ಎಕ್ಸೆಲ್, ಇಮೇಲ್ ಎಲ್ಲ ಸಲೀಸಾಗಿ ಮಾಡುತ್ತಾಳೆ (ನನಗಿಂತ ಬೇಗ, ಅದು ಬೇರೆ ಮಾತು). ಈಗ ಒಂದು ಕಂಪನಿಯ ಆನ್‌ಲೈನ್ ಪರೀಕ್ಷೆಗೆ ಕರೆ ಬಂದಿದೆ. ಮಾದರಿ ಪರೀಕ್ಷೆ ತೆರೆದರೆ ಪ್ರಶ್ನೆಗಳೆಲ್ಲ ಬರೀ ಚಿತ್ರಗಳು, ಸ್ಕ್ರೀನ್ ರೀಡರ್ ಏನನ್ನೂ ಓದುವುದಿಲ್ಲ. ಕೀಬೋರ್ಡ್‌ನಿಂದ ಮುಂದಿನ ಪ್ರಶ್ನೆಗೆ ಹೋಗಲೂ ಆಗದು. ಕೇಳಿದ್ದಕ್ಕೆ "ಎಲ್ಲರಿಗೂ ಒಂದೇ ಪರೀಕ್ಷೆ, ಅದೇ ನ್ಯಾಯ" ಅಂದರು. ಓದಲಿಕ್ಕೇ ಆಗದ ಪ್ರಶ್ನೆಪತ್ರಿಕೆ ಕೊಡುವುದು ಯಾವ ಸೀಮೆಯ ನ್ಯಾಯವೋ!

ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 2ನೇ ವಿಧಿಯ ಪ್ರಕಾರ, ಸೂಕ್ತ ಅನುಕೂಲ ನಿರಾಕರಿಸುವುದೂ ತಾರತಮ್ಯವೇ. 27ನೇ ವಿಧಿ ಉದ್ಯೋಗಕ್ಕೆ ಸಂಬಂಧಿಸಿದ್ದು. ಇವನ್ನು ಪತ್ರದಲ್ಲಿ ಹಾಕೋಣ ಅಂತಿದ್ದೇವೆ, ಆದರೆ ಜಗಳಕ್ಕೆ ನಿಂತ ಹಾಗೆ ಕಾಣಬಾರದು.

ಇಂಥ ಪತ್ರ ಬರೆದವರು ಯಾರಾದರೂ ಇದ್ದೀರಾ? ಪಠ್ಯರೂಪದ ಪ್ರಶ್ನೆಪತ್ರಿಕೆ, ಹೆಚ್ಚುವರಿ ಸಮಯ ಎರಡನ್ನೂ ಒಟ್ಟಿಗೇ ಕೇಳಬಹುದೇ? ಉತ್ತರ ಬರೆದುಕೊಡಲು ಸಹಾಯಕರು ಬೇಡ, ತಾನೇ ಟೈಪ್ ಮಾಡುತ್ತೇನೆ ಅನ್ನುತ್ತಾಳೆ. ಮಾದರಿ ಪತ್ರವಿದ್ದರೆ ದಯವಿಟ್ಟು ಕಳಿಸಿ. "ಅಯ್ಯೋ ಪಾಪ" ಅನ್ನುವ ಕಾಮೆಂಟ್ ಮಾತ್ರ ಬೇಡ.